ದೊಡ್ಡ ಕುರ್ಚಿಗೆ ರೋಸ್ಟರ್ ಇಲ್ಲ: ಜಿಲ್ಲಾ ವೈದ್ಯಕೀಯ ಕಾಲೇಜಿನ ನಾಯಕತ್ವಕ್ಕೆ ಬೇರೆ ಬೇರೆ ಹಿನ್ನೆಲೆಯವರನ್ನು ತರುವ ಬಗೆ

ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದದ್ದು 2016ರಲ್ಲಿ. ಆ ಮೊದಲ ಬ್ಯಾಚಿಗೆ ಸೇರಿದ ಹುಡುಗಿಯೊಬ್ಬಳು ಮುಂದೆ ಅದೇ ಕಾಲೇಜಿನ ಮುಖ್ಯಸ್ಥೆ, ಅಂದರೆ ಡೀನ್, ಆಗಬೇಕೆಂದರೆ ಎಷ್ಟು ವರ್ಷ ಹಿಡಿಯುತ್ತದೆ, ಲೆಕ್ಕ ಹಾಕಿ ನೋಡಿ. ಇಂಟರ್ನ್‌ಶಿಪ್ ಸೇರಿ ಎಂಬಿಬಿಎಸ್ ಐದೂವರೆ ವರ್ಷ. ಸ್ನಾತಕೋತ್ತರ ಪದವಿ (ಪಿಜಿ) 3. ಅದು ಮುಗಿದ ಮೇಲೆ ಆಸ್ಪತ್ರೆಯಲ್ಲಿ ಸೀನಿಯರ್ ರೆಸಿಡೆಂಟ್ ವೈದ್ಯೆಯಾಗಿ 1. ಸಹಾಯಕ ಪ್ರಾಧ್ಯಾಪಕಿಯಾಗಿ 4. ಆಮೇಲೆ ಸಹ ಪ್ರಾಧ್ಯಾಪಕಿ ಮತ್ತು ಪ್ರಾಧ್ಯಾಪಕಿ ಹುದ್ದೆಗಳಲ್ಲಿ ಒಟ್ಟು 10, ಅದರಲ್ಲಿ ಕನಿಷ್ಠ 5 ಪ್ರಾಧ್ಯಾಪಕಿಯಾಗಿಯೇ. ಒಂದು ದಿನವೂ ಪೋಲಾಗದಿದ್ದರೆ ಇಪ್ಪತ್ತಮೂರೂವರೆ ವರ್ಷ, ಅಂದರೆ 2040. ನೀಟ್ ಪಿಜಿಗೆಂದು ಒಂದು ವರ್ಷ ಕೂತು ಓದಿದರೆ, ಕಡ್ಡಾಯ ಸೇವೆಗೆ ಒಂದು ವರ್ಷ ಹೋದರೆ, ಬಡ್ತಿ ಕಡತ ಎಲ್ಲೋ ಒಂದು ವರ್ಷ ಮಲಗಿದರೆ 2043.

ಇದು ರಾಷ್ಟ್ರೀಯ ವೈದ್ಯಕೀಯ ಆಯೋಗದ 2022ರ ಅಧ್ಯಾಪಕರ ಅರ್ಹತಾ ನಿಯಮಗಳ ಅಳತೆ. 2025ರಲ್ಲಿ ಹೊಸ ನಿಯಮಗಳು ಬಂದಿವೆ. ಕಡತ ಮೇಲೆ ಕಳಿಸುವ ಮುನ್ನ ಜಾರಿಯಲ್ಲಿರುವ ಪ್ರತಿಯನ್ನೇ ತೆರೆದು ನೋಡಿ, ಹಳೆಯ ಫೋಟೊಕಾಪಿ ನಂಬಬೇಡಿ.

ಈ ಲೆಕ್ಕ ಹೇಳುವುದು ಇಷ್ಟು: ಇನ್ನು ಐದಾರು ವರ್ಷಕ್ಕೆ ಡೀನ್ ಹುದ್ದೆಗೆ ಅರ್ಜಿ ಹಾಕುವವರು ಯಾರು ಎಂಬುದು ಇವತ್ತೇ ತೀರ್ಮಾನವಾಗಿದೆ. ಅವರು ಈಗ ನಿಮ್ಮ ಸಿಬ್ಬಂದಿ ಪಟ್ಟಿಯಲ್ಲೇ ಇದ್ದಾರೆ. ಆ ಪಟ್ಟಿಯಲ್ಲಿ ಮಹಿಳೆಯರು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರು, ಹೊರ ಜಿಲ್ಲೆಯವರು ಇದ್ದೂ ಮೇಲಿನ ಕುರ್ಚಿಗಳಲ್ಲಿ ಕಾಣದೇ ಹೋದರೆ ತಪ್ಪು ನೇಮಕಾತಿಯಲ್ಲಿ ಇರುವುದಿಲ್ಲ, ನಡುವಿನ ಹತ್ತು ವರ್ಷಗಳಲ್ಲಿ ಇರುತ್ತದೆ. ಈ ಕೈಪಿಡಿ ಆ ನಡುವಿನ ವರ್ಷಗಳದ್ದು.

ರೋಸ್ಟರ್ ಎಲ್ಲಿಯವರೆಗೆ

“ಮೀಸಲಾತಿ ಇದೆಯಲ್ಲ, ಇನ್ನೇನು ಬೇಕು?” ಎಂಬ ಮಾತು ಪ್ರತಿ ಸಭೆಯಲ್ಲೂ ಬರುತ್ತದೆ. ಮೀಸಲಾತಿ ಇದೆ, ನಿಜ. ನೇರ ನೇಮಕಾತಿಯಲ್ಲಿ ಜಾತಿವಾರು ರೋಸ್ಟರ್ (ಯಾವ ಹುದ್ದೆ ಯಾವ ವರ್ಗಕ್ಕೆ ಎಂಬ ಸರದಿ ಪಟ್ಟಿ) ಇದೆ, ಅದರೊಳಗೆ ಮಹಿಳೆಯರಿಗೆ ಸಮತಲ ಮೀಸಲಾತಿ, ಅಂದರೆ ಪ್ರತಿ ವರ್ಗದೊಳಗೂ ಒಂದು ಪಾಲು, ಇದೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಶೇ 4 ಇದೆ, 2021ರಿಂದ ಕರ್ನಾಟಕದಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ 1 ಇದೆ. ಆದರೆ ರೋಸ್ಟರ್ ನಡೆಯಲು ಒಂದು ವೃಂದದಲ್ಲಿ (ಒಂದೇ ದರ್ಜೆಯ ಹುದ್ದೆಗಳ ಗುಂಪಿನಲ್ಲಿ) ಒಂದಕ್ಕಿಂತ ಹೆಚ್ಚು ಹುದ್ದೆ ಇರಬೇಕು. ಒಂದೇ ಹುದ್ದೆಯ ವೃಂದಕ್ಕೆ, ಸರದಿಯ ಮೇಲೂ ಮೀಸಲಾತಿ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1998ರಲ್ಲಿ ಹೇಳಿತು. ಆ ಪ್ರಕರಣ ಬಂದದ್ದೂ ಒಂದು ವೈದ್ಯಕೀಯ ಸಂಸ್ಥೆಯಿಂದಲೇ, ಚಂಡೀಗಢದ ಪಿಜಿಐನಿಂದ. ಡೀನ್ ಒಬ್ಬರೇ. ವೈದ್ಯಕೀಯ ಅಧೀಕ್ಷಕರು ಒಬ್ಬರೇ. ಕಾನೂನು ಕೈಹಿಡಿದು ಮೆಟ್ಟಿಲ ಬುಡಕ್ಕೆ ತಂದು ಬಿಡುತ್ತದೆ, ಮೇಲಿನ ಮೆಟ್ಟಿಲಿಗೆ ಅದು ಬರುವುದಿಲ್ಲ.

ಸಂಖ್ಯೆ ತಾನಾಗಿ ಮೇಲಕ್ಕೆ ಹರಿಯುತ್ತದೆ ಎಂಬ ನಂಬಿಕೆಯೂ ಸುಳ್ಳು. ಅಮೆರಿಕದ ವೈದ್ಯಕೀಯ ಕಾಲೇಜುಗಳಲ್ಲಿ ವಿದ್ಯಾರ್ಥಿನಿಯರ ಸಂಖ್ಯೆ ಅರ್ಧ ದಾಟಿದ್ದು 2019ರಲ್ಲಿ. ಅದೇ ಹೊತ್ತಿಗೆ ಅಲ್ಲಿನ ಡೀನ್‌ಗಳಲ್ಲಿ ಮಹಿಳೆಯರು ಶೇ 18ರ ಆಸುಪಾಸು. ನಮ್ಮಲ್ಲಿ ದೆಹಲಿಯ ಏಮ್ಸ್ 1956ರಲ್ಲಿ ಶುರುವಾಗಿ, ಮೊದಲ ಮಹಿಳಾ ನಿರ್ದೇಶಕಿಯಾಗಿ ಡಾ. ಸ್ನೇಹ ಭಾರ್ಗವ ಬಂದದ್ದು 1984ರಲ್ಲಿ.

ಮೊದಲು ಎಣಿಸಿ, ಆದರೆ ತಲೆ ಎಣಿಸಬೇಡಿ

ಎಷ್ಟು ಜನ ಮಹಿಳೆಯರಿದ್ದಾರೆ, ಎಷ್ಟು ಜನ ಪರಿಶಿಷ್ಟರಿದ್ದಾರೆ ಎಂಬ ಪಟ್ಟಿ ಸಿಬ್ಬಂದಿ ಶಾಖೆಯಲ್ಲಿ ಹೇಗೂ ಇರುತ್ತದೆ. ಅದರಿಂದ ಏನೂ ತಿಳಿಯದು. ಎಣಿಸಬೇಕಾದ್ದು ಜವಾಬ್ದಾರಿಗಳನ್ನು. ಕಳೆದ ಮೂರು ವರ್ಷದ ಕಚೇರಿ ಆದೇಶಗಳ ಕಡತ ತೆಗೆಯಿರಿ. ಪ್ರತಿ ಸಮಿತಿ, ಪ್ರತಿ ನೋಡಲ್ ಅಧಿಕಾರಿ, ಪ್ರತಿ ಪ್ರಭಾರ ಆದೇಶಕ್ಕೆ ಒಂದೊಂದು ಸಾಲು. ಆ ಸಾಲಿನಲ್ಲಿ ಹುದ್ದೆ, ಹೆಸರು, ಆರಂಭ, ಮುಕ್ತಾಯ, ನೇಮಿಸಿದ ರೀತಿ, ಹಣದ ಮೇಲೆ ಅಧಿಕಾರ ಇದೆಯೇ ಎಂಬ ಆರು ಅಂಕಣ. ಕೊನೆಯ ಅಂಕಣವೇ ಮುಖ್ಯ.

ಒಬ್ಬ ಗುಮಾಸ್ತರು, ಒಬ್ಬ ಅಧ್ಯಾಪಕರು ಕೂತರೆ ನಾಲ್ಕು ದಿನದ ಕೆಲಸ. ಮುಗಿದ ಮೇಲೆ ಪಟ್ಟಿಯನ್ನು ಎರಡಾಗಿ ಸೀಳಿ. ಒಂದು ಕಡೆ ಖರೀದಿ, ಟೆಂಡರ್ ಪರಿಶೀಲನೆ, ಕಟ್ಟಡ, ಪರೀಕ್ಷಾ ವಿಭಾಗ, ಆಯೋಗದ ತಪಾಸಣೆಯ ತಯಾರಿ, ವೈದ್ಯಕೀಯ ಅಧೀಕ್ಷಕರ ಪ್ರಭಾರ. ಇನ್ನೊಂದು ಕಡೆ ಸಾಂಸ್ಕೃತಿಕ ಸಮಿತಿ, ಹಾಸ್ಟೆಲ್ ವಾರ್ಡನ್, ಸ್ವಾಗತ ಸಮಿತಿ, ಸ್ಮರಣ ಸಂಚಿಕೆ, “ಮೇಡಂ, ವಂದನಾರ್ಪಣೆ ನೀವೇ ಮಾಡಿಬಿಡಿ”. ಯಾವ ಹೆಸರುಗಳು ಯಾವ ಕಡೆ ಬಿದ್ದಿವೆ ಎಂದು ನೋಡಿದರೆ ಇನ್ನೊಂದು ಸಮೀಕ್ಷೆಯೇ ಬೇಡ. ಹಾಸ್ಟೆಲ್ ವಾರ್ಡನ್ ಕೆಲಸ ಕಡಿಮೆಯದಲ್ಲ, ಬಹುಶಃ ಖರೀದಿ ಸಮಿತಿಗಿಂತ ಕಷ್ಟದ್ದು. ಆದರೆ ಡೀನ್ ಸಂದರ್ಶನದಲ್ಲಿ ಅದರ ಬಗ್ಗೆ ಯಾರೂ ಕೇಳುವುದಿಲ್ಲ.

ಜಾತಿ, ಅಂಗವಿಕಲತೆಯ ವಿವರಕ್ಕೆ ಯಾರನ್ನೂ ಹೊಸದಾಗಿ ಕೇಳಬೇಡಿ, ಸೇವಾ ಪುಸ್ತಕದಲ್ಲಿ ಇರುವುದನ್ನೇ ಬಳಸಿ. ಸಣ್ಣ ಕಾಲೇಜಿನಲ್ಲಿ “ಪರಿಶಿಷ್ಟ ಪಂಗಡ, ಮಹಿಳೆ, ಸಹ ಪ್ರಾಧ್ಯಾಪಕಿ: 1” ಎಂದು ಬರೆದರೆ ಹೆಸರು ಬರೆದಂತೆಯೇ. ಐದಕ್ಕಿಂತ ಕಡಿಮೆ ಇರುವ ಸಂಖ್ಯೆಯನ್ನು ಹೊರಗೆ ಹಂಚುವ ಪ್ರತಿಯಲ್ಲಿ ತೋರಿಸಬೇಡಿ.

ಸಣ್ಣ ಕುರ್ಚಿಗಳನ್ನು ಹಂಚುವುದು

ಕೊಡಗಿನವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪ 1949ರ ಜನವರಿ 15ರಂದು ಸೇನೆಯ ದಂಡನಾಯಕರಾದರು. ಆದರೆ ಅದಕ್ಕೆ 16 ವರ್ಷ ಮೊದಲು, 1933ರಲ್ಲಿ, ಕ್ವೆಟ್ಟಾ ಸ್ಟಾಫ್ ಕಾಲೇಜಿನ ತರಬೇತಿಗೆ ಹೋದ ಮೊದಲ ಭಾರತೀಯ ಅಧಿಕಾರಿ ಅವರು. 1942ರಲ್ಲಿ ಬೆಟಾಲಿಯನ್ ಒಂದರ ನಾಯಕತ್ವ ಸಿಕ್ಕ ಮೊದಲ ಭಾರತೀಯರೂ ಅವರೇ. ಆ ಎರಡು ಬಾಗಿಲು ತೆರೆಯದೇ ಇದ್ದಿದ್ದರೆ ಮೂರನೆಯದು ತೆರೆಯುತ್ತಲೇ ಇರಲಿಲ್ಲ. ಯಾರಿಗೆ ಯಾವ ಪೋಸ್ಟಿಂಗ್, ಯಾವಾಗ ಎಂಬುದರ ಮೇಲೆಯೇ ಮುಂದಿನ ಬಡ್ತಿ ನಿಂತಿದೆ ಎಂದು ಸೇನೆಗೆ ಗೊತ್ತು. ವೈದ್ಯಕೀಯ ಕಾಲೇಜುಗಳು ಮಾತ್ರ ಒಳ್ಳೆಯ ಸರ್ಜನ್ ಒಂದು ದಿನ ಬೆಳಗ್ಗೆ ಎದ್ದು ಒಳ್ಳೆಯ ಡೀನ್ ಆಗಿಬಿಡುತ್ತಾರೆ ಎಂದುಕೊಂಡಿವೆ.

ಡೀನ್ ಕೆಲಸದ ಮುಕ್ಕಾಲು ಪಾಲು ಕಡತ: ಸರ್ಕಾರಿ ಖರೀದಿಯ ಕೆಟಿಪಿಪಿ ಕಾಯ್ದೆಯಡಿ ಟೆಂಡರ್, ಅನುದಾನ ಬಳಕೆ ಪ್ರಮಾಣಪತ್ರ, ಲೆಕ್ಕಪರಿಶೋಧನೆಯ ಆಕ್ಷೇಪಣೆಗೆ ಉತ್ತರ, ನ್ಯಾಯಾಲಯದ ಪ್ರಕರಣ. ಇದನ್ನು ಸಹ ಪ್ರಾಧ್ಯಾಪಕ ಹಂತದಲ್ಲೇ ಕಲಿಸಬೇಕು. ಆದ್ದರಿಂದ ಹಣ ಇರುವ ಪ್ರತಿ ಸಮಿತಿಗೂ ಎರಡು ವರ್ಷದ ಅವಧಿ ನಿಗದಿ ಮಾಡಿ. ಒಬ್ಬರಿಗೆ ಒಂದೇ ಸಲ, ಬೇಕಿದ್ದರೆ ಇನ್ನೊಂದು ವರ್ಷ. ಪ್ರತಿ ಮುಖ್ಯಸ್ಥರಿಗೂ ಒಬ್ಬ ಉಪ ಇರಲಿ, ಅವರು ಬೇರೆ ವಿಭಾಗದವರಾಗಿರಲಿ. ಒಂದೇ ವಿಭಾಗದವರಾದರೆ ಉಪ ಎಂದರೆ ಫೈಲು ಹೊರುವವರು ಎಂದಾಗಿಬಿಡುತ್ತದೆ.

ಆಯ್ಕೆ ಸುತ್ತೋಲೆಯ ಮೂಲಕವೇ ಆಗಬೇಕು. “ಯಾರು ಮಾಡ್ತೀರಿ?” ಎಂದು ಕಾಲೇಜು ಕೌನ್ಸಿಲ್ ಸಭೆಯಲ್ಲಿ ಕೇಳಿದರೆ ಕೈ ಎತ್ತುವವರು ಯಾವಾಗಲೂ ಅದೇ ನಾಲ್ವರು. ಸುತ್ತೋಲೆ ಹೀಗಿರಲಿ:

“ವಿಷಯ: ಖರೀದಿ ಸಮಿತಿಯ ಸದಸ್ಯ ಕಾರ್ಯದರ್ಶಿ ಜವಾಬ್ದಾರಿಗೆ ಆಸಕ್ತರಿಂದ ಮನವಿ ಆಹ್ವಾನ. ಸದರಿ ಜವಾಬ್ದಾರಿಯು ಬರುವ ಏಪ್ರಿಲ್ 1ರಿಂದ ಎರಡು ವರ್ಷಗಳ ಅವಧಿಗೆ ತೆರವಾಗಲಿದೆ. ವಾರಕ್ಕೆ ಅಂದಾಜು ಐದು ಗಂಟೆಗಳ ಕೆಲಸವಿದ್ದು, ಬೇಡಿಕೆ ಪಟ್ಟಿ ಕ್ರೋಡೀಕರಣ, ಟೆಂಡರ್ ದಾಖಲೆಗಳ ಪರಿಶೀಲನೆ ಹಾಗೂ ಸಭಾ ನಡವಳಿ ಇದರಲ್ಲಿ ಸೇರಿವೆ. ಪೂರ್ವಾನುಭವ ಅಗತ್ಯವಿಲ್ಲ. ಹಾಲಿ ಕಾರ್ಯದರ್ಶಿಯವರು ಮೊದಲ ಎರಡು ತಿಂಗಳು ಜೊತೆಗಿದ್ದು ಕೆಲಸ ತಿಳಿಸಿಕೊಡುವರು. ಸಹಾಯಕ ಪ್ರಾಧ್ಯಾಪಕರು ಹಾಗೂ ಮೇಲ್ಪಟ್ಟವರು ಅರ್ಧ ಪುಟದ ಮನವಿಯನ್ನು ಹತ್ತು ಕೆಲಸದ ದಿನಗಳೊಳಗೆ ಸಿಬ್ಬಂದಿ ಶಾಖೆಗೆ ಸಲ್ಲಿಸತಕ್ಕದ್ದು. ರಜೆಯಲ್ಲಿರುವವರಿಗೂ ಈ ಸುತ್ತೋಲೆ ಅನ್ವಯಿಸುತ್ತದೆ.”

ಇದರಲ್ಲಿ ಮೂರು ಮಾತು ಬಿಡಬಾರದು. “ವಾರಕ್ಕೆ ಐದು ಗಂಟೆ” ಎಂದು ಬರೆದರೆ ಮನೆಯ ಹೊರೆ ಇರುವವರು ಲೆಕ್ಕ ಹಾಕಿ ಹೂಂ ಅನ್ನಬಹುದು. ಬರೆಯದಿದ್ದರೆ ಹೆದರಿ ಸುಮ್ಮನಾಗುತ್ತಾರೆ. “ಪೂರ್ವಾನುಭವ ಅಗತ್ಯವಿಲ್ಲ” ಎಂಬುದು ಹಳೆಯ ಸುತ್ತನ್ನು ಮುರಿಯುತ್ತದೆ, ಏಕೆಂದರೆ ಇಲ್ಲಿಯವರೆಗೆ ಕೊಡದೇ ಇದ್ದದ್ದೇ ಅನುಭವವನ್ನು. “ರಜೆಯಲ್ಲಿರುವವರಿಗೂ” ಎಂಬ ಸಾಲಿಲ್ಲದಿದ್ದರೆ 180 ದಿನದ ಹೆರಿಗೆ ರಜೆಯಲ್ಲಿರುವವರಿಗೆ ಸುತ್ತೋಲೆ ತಲುಪುವುದೇ ಇಲ್ಲ. ಅವರು ಬರುವಷ್ಟರಲ್ಲಿ ಎರಡು ವರ್ಷಕ್ಕೆ ಜಾಗ ಭರ್ತಿ.

ಅರ್ಜಿ ಬರಲಿಲ್ಲ ಎಂದು ಕೈಚೆಲ್ಲಬೇಡಿ. ದಾರಿ ಹೇಳುವವರು ಬೇರೆ, ಹೆಸರು ಹೇಳುವವರು ಬೇರೆ. ನಮ್ಮ ಕಾಲೇಜುಗಳಲ್ಲಿ ಮೊದಲನೆಯವರಿಗೆ ಬರವಿಲ್ಲ, ಉಪದೇಶಕ್ಕೆ ಯಾರೂ ದುಡ್ಡು ಕೇಳುವುದಿಲ್ಲ. ಕಿರಿಯರು ಇಲ್ಲದ ಕೋಣೆಯಲ್ಲಿ ಅವರ ಹೆಸರು ಎತ್ತಿ, “ಇವರು ಮಾಡಬಲ್ಲರು, ನಾನು ಜೊತೆಗಿರುತ್ತೇನೆ” ಎನ್ನುವವರು ಬೇಕು. ಪ್ರತಿ ಪ್ರಾಧ್ಯಾಪಕರೂ ವರ್ಷಕ್ಕೆ ಇಬ್ಬರ ಹೆಸರನ್ನು, ತಮ್ಮ ವಿಭಾಗದ ಹೊರಗಿನವರನ್ನೂ ಸೇರಿಸಿ, ಲಿಖಿತವಾಗಿ ಕೊಡಬೇಕೆಂದು ನಿಯಮ ಮಾಡಿ.

ಪ್ರಭಾರ ಎಂಬ ಹಿಂಬಾಗಿಲು

ಸರ್ಕಾರಿ ಸಂಸ್ಥೆಗಳಲ್ಲಿ ಮೇಲಿನ ಹುದ್ದೆ ಖಾಲಿಯಾದಾಗ ಮೊದಲು ಬರುವುದು ಜಾಹೀರಾತಲ್ಲ, ಪ್ರಭಾರ ಆದೇಶ. ಕರ್ನಾಟಕ ನಾಗರಿಕ ಸೇವಾ ನಿಯಮಗಳ (ಕೆಸಿಎಸ್‌ಆರ್) ನಿಯಮ 32ರಡಿ ಪ್ರಭಾರ, ಇಲ್ಲವೇ ನಿಯಮ 68ರಡಿ ಹೆಚ್ಚುವರಿ ಪ್ರಭಾರ. ಮೂರು ತಿಂಗಳಿಗೆಂದು ಕೊಟ್ಟದ್ದು ಎಷ್ಟೋ ಕಡೆ ಮೂರು ವರ್ಷ ನಡೆಯುತ್ತದೆ. ಆಮೇಲೆ ಸಂದರ್ಶನ ನಡೆದಾಗ ಆ ಮೂರು ವರ್ಷವೇ “ಆಡಳಿತಾನುಭವ” ಎಂದು ಅಂಕ ತರುತ್ತದೆ. ವೈವಿಧ್ಯ ಸೋರಿಹೋಗುವ ಅತಿ ದೊಡ್ಡ ತೂತು ಇದು, ಆದರೂ ಇದರ ಬಗ್ಗೆ ಮಾತಾಡುವವರೇ ಕಡಿಮೆ.

ಮುಚ್ಚುವ ಬಗೆ ಸರಳ. ಹುದ್ದೆ ಖಾಲಿಯಾಗುವ ಮುನ್ನವೇ, ನಿವೃತ್ತಿ ದಿನಾಂಕ ಎಲ್ಲರಿಗೂ ಗೊತ್ತಿರುವುದರಿಂದ, ಅರ್ಹರ ಪಟ್ಟಿ ಸಿದ್ಧವಿರಲಿ. ಪ್ರಭಾರ ಆರು ತಿಂಗಳು ದಾಟಿದರೆ ಪಟ್ಟಿಯ ಮುಂದಿನವರಿಗೆ ಹೋಗಬೇಕು. ಡೀನ್ ಹದಿನೈದು ದಿನ ರಜೆ ಹೋದಾಗಿನ ಸಣ್ಣ ಪ್ರಭಾರಗಳನ್ನೂ ಇದೇ ಸರದಿಯಲ್ಲಿ ಕೊಡಿ. ಹದಿನೈದು ದಿನ ಆ ಕುರ್ಚಿಯಲ್ಲಿ ಕೂತು ಜಿಲ್ಲಾಧಿಕಾರಿಗಳ ಸಭೆಗೆ ಎರಡು ಸಲ ಹೋಗಿ ಬಂದವರು ಮುಂದೆ ಅರ್ಜಿ ಹಾಕಲು ಹಿಂಜರಿಯುವುದಿಲ್ಲ.

ಸಂದರ್ಶನದ ಕೋಣೆ

ಅರ್ಜಿಗಳ ಲಕೋಟೆ ತೆರೆಯುವ ಮುನ್ನ ಅಂಕಪಟ್ಟಿ ಸಿದ್ಧವಾಗಿರಬೇಕು. ನೂರಕ್ಕೆ ಹೀಗೆ ಹಂಚಬಹುದು: ಬೋಧನೆ ಮತ್ತು ಪಠ್ಯಕ್ರಮ 25, ಆಸ್ಪತ್ರೆ ಆಡಳಿತ 25, ಹಣಕಾಸು ಮತ್ತು ಖರೀದಿ 20, ಸಂಶೋಧನೆ 15, ಕಿರಿಯರನ್ನು ಬೆಳೆಸಿದ ದಾಖಲೆ 15. ಕೊನೆಯದನ್ನು ಸೇರಿಸಿದರೆ ವರ್ಷಗಟ್ಟಲೆ ಪಿಜಿ ವಿದ್ಯಾರ್ಥಿಗಳನ್ನು ತಿದ್ದಿದವರ, ವಾರ್ಡನ್ ಕೆಲಸ ಮಾಡಿದವರ ದುಡಿಮೆಗೂ ಬೆಲೆ ಬರುತ್ತದೆ. ಲಕೋಟೆ ತೆರೆದ ಮೇಲೆ ಅಂಕಪಟ್ಟಿ ಮಾಡಿದರೆ ಅದು ಒಬ್ಬರ ಅಳತೆಗೆ ಹೊಲಿದ ಅಂಗಿಯಾಗುತ್ತದೆ.

ಎಲ್ಲರಿಗೂ ಅದೇ ಆರು ಪ್ರಶ್ನೆ, ಅದೇ ಕ್ರಮದಲ್ಲಿ. ಸದಸ್ಯರು ಪರಸ್ಪರ ಮಾತಾಡುವ ಮುನ್ನ ತಂತಮ್ಮ ಅಂಕ ಬರೆದು ಸಹಿ ಹಾಕಿ ಮಡಚಿಡಬೇಕು. ಇಬ್ಬರ ಅಂಕಗಳಲ್ಲಿ 15ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಇಬ್ಬರೂ ಕಾರಣ ಬರೆಯಲಿ. ಇದಕ್ಕೆ ಹೆಚ್ಚು ಹಿಡಿದರೆ ಇಪ್ಪತ್ತು ನಿಮಿಷ.

“ಮಕ್ಕಳು ಚಿಕ್ಕವರಲ್ವಾ, ಯಾರು ನೋಡ್ಕೋತಾರೆ?” ಎಂಬ ಪ್ರಶ್ನೆ ಬೇಡ ಎಂದು ಈಗ ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದ್ದು ನಮ್ಮೂರಿನ ಪ್ರಶ್ನೆ. ಮಡಿಕೇರಿಯಲ್ಲಿ ಇಬ್ಬರು ಸಿಕ್ಕರೆ ಮೊದಲು ಬರುವುದು “ಯಾವ ಮನೆಯವರು?”, ಮನೆ ಪೆದ (ಕೊಡವರ ಮನೆತನದ ಹೆಸರು) ಎಂತ ಎಂದು. ಮದುವೆ ಮನೆಯಲ್ಲಿ ಅದು ಪ್ರೀತಿ. ಸಂದರ್ಶನದಲ್ಲಿ ಅದೇ ಮಾತು ಜಾತಿ ಕೇಳಿದಂತೆ; ಮನೆ ಪೆದ ಇಲ್ಲದ ಎರವ ಬುಡಕಟ್ಟಿನ ಹುಡುಗನಿಗೂ, ರಾಯಚೂರಿನಿಂದ ಬಂದ ಅಧ್ಯಾಪಕಿಗೂ “ನೀವು ನಮ್ಮವರಲ್ಲ” ಎಂದು ಹೇಳಿದಂತೆ. ಕಾಫಿ ಕೊಡುವ ಹೊತ್ತಿನ ಹರಟೆಯಲ್ಲೂ ಬೇಡ.

ಆಯ್ಕೆ ಸಮಿತಿಯಲ್ಲಿ ಒಬ್ಬರೇ ಮಹಿಳೆಯನ್ನೋ ಒಬ್ಬರೇ ಪರಿಶಿಷ್ಟ ಸದಸ್ಯರನ್ನೋ ಕೂರಿಸಿ ಸಮಾಧಾನಪಡಬೇಡಿ. ಒಬ್ಬರೇ ಇದ್ದರೆ ಅವರ ಮಾತು “ಅವರ ಕಡೆಯ ಮಾತು” ಆಗುತ್ತದೆ. ಇಬ್ಬರಿದ್ದರೆ ಅಭಿಪ್ರಾಯವಾಗುತ್ತದೆ. ಆದರೆ ಕಾಲೇಜಿನಲ್ಲಿ ಇರುವ ಇಬ್ಬರೇ ಪ್ರಾಧ್ಯಾಪಕಿಯರನ್ನು ಹದಿನೆಂಟು ಸಮಿತಿಗೆ ಎಳೆದರೆ ಅವರ ಸಂಶೋಧನೆ ಅಲ್ಲಿಗೆ ನಿಂತಿತು. ಹೊರಗಿನಿಂದ, ಮೈಸೂರು ಮಂಗಳೂರಿನ ಕಾಲೇಜುಗಳಿಂದ, ತಜ್ಞರನ್ನು ಕರೆಸಿ.

ಮಳೆ, ಘಾಟಿ, ಕೊನೆಯ ಬಸ್ಸು

ಕೊಡಗಿಗೆ ರೈಲಿಲ್ಲ. ಅಧ್ಯಾಪಕರಲ್ಲಿ ಹಲವರ ಸಂಸಾರ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿನಲ್ಲಿರುತ್ತದೆ, ಕೆಲವರದ್ದು ಸಂಪಾಜೆ ಘಾಟಿ ಇಳಿದು ಸುಳ್ಯ–ಪುತ್ತೂರು ಕಡೆ. ಸಂಜೆ ನಾಲ್ಕೂವರೆಗೆ ಇಟ್ಟ ಸಭೆ ಆರೂವರೆಗೆ ಮುಗಿದರೆ ಬಸ್ಸು ತಪ್ಪಿತು. ಮುಖ್ಯ ನಿರ್ಧಾರಗಳೆಲ್ಲ ಹೊರಡಲು ಅವಸರವಿಲ್ಲದ ನಾಲ್ವರ ನಡುವೆ ಆಗುತ್ತವೆ. ಕೌನ್ಸಿಲ್ ಸಭೆ ಮಂಗಳವಾರದಿಂದ ಗುರುವಾರದೊಳಗೆ, ಮಧ್ಯಾಹ್ನ 12ರಿಂದ 1.30ಕ್ಕೆ ಇಡಿ. ಒಪಿಡಿಯ ಭರಾಟೆ ಇಳಿದಿರುತ್ತದೆ, ಯಾರ ಬಸ್ಸೂ ತಪ್ಪುವುದಿಲ್ಲ. ಸಭೆ ಮುಗಿದ ಮೇಲೆ ಕ್ಲಬ್ಬಿನಲ್ಲೋ ತೋಟದ ಮನೆಯಲ್ಲೋ ಆದ ಒಪ್ಪಂದ ನಡವಳಿಗೆ ಸೇರಕೂಡದು.

ಜುಲೈ–ಆಗಸ್ಟ್‌ನಲ್ಲಿ ಸಂದರ್ಶನ ಬೇಡ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದು ಮರೆಯುವಂಥದ್ದಲ್ಲ. ಅಷ್ಟಾಗದಿದ್ದರೂ ಮಳೆಗಾಲದಲ್ಲಿ ಹೊರಗಿನ ಅಭ್ಯರ್ಥಿ ಬರಲಾರದೆ ಒಳಗಿನವರೇ ಉಳಿಯುತ್ತಾರೆ. ಕೈಲ್‌ಪೊಳ್ದ್, ಕಾವೇರಿ ಸಂಕ್ರಮಣ, ಪುತ್ತರಿಯ ದಿನಗಳನ್ನು ತಪ್ಪಿಸುವುದು ಎಲ್ಲರಿಗೂ ರೂಢಿಯಲ್ಲಿದೆ. ರಂಜಾನ್, ಗುಡ್ ಫ್ರೈಡೆ ನೋಡಿಕೊಳ್ಳುವುದೂ ರೂಢಿಯಾಗಲಿ.

ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕೆಂದು 2017ರ ತಿದ್ದುಪಡಿಯಿಂದ ಕಾನೂನೇ ಹೇಳುತ್ತದೆ. ಅದನ್ನು ಆಸ್ಪತ್ರೆಯ ಆವರಣದಲ್ಲೇ ಇಡಿ, ರಾತ್ರಿ ಪಾಳಿಯ ಸೀನಿಯರ್ ರೆಸಿಡೆಂಟ್‌ಗಳಿಗೂ ಆಗುವಂತೆ. ಕ್ವಾರ್ಟರ್ಸ್ ಹಂಚಿಕೆಯಲ್ಲಿ ಜ್ಯೇಷ್ಠತೆಯೊಂದೇ ಅಳತೆಯಾದರೆ ಮನೆ ಅತಿ ಹೆಚ್ಚು ಬೇಕಾದ ಕಿರಿಯ ಅಧ್ಯಾಪಕಿಗೆ ಕೊನೆಯಲ್ಲಿ ಸಿಗುತ್ತದೆ. ಗುಡ್ಡದ ಊರು, ಮೆಟ್ಟಿಲೇ ಹೆಚ್ಚು: ಡೀನ್ ಕಚೇರಿಗೂ ಕೌನ್ಸಿಲ್ ಸಭಾಂಗಣಕ್ಕೂ ರ‍್ಯಾಂಪ್ ಅಥವಾ ಲಿಫ್ಟ್ ಇಲ್ಲದಿದ್ದರೆ ಅಂಗವಿಕಲರ ಶೇ 4ರ ಮಾತು ಕಾಗದದ ಮೇಲೆ ಮಾತ್ರ.

ಲೇಖನಗಳು

ಬಡ್ತಿ ನಿಲ್ಲುವುದು ಹೆಚ್ಚಾಗಿ ಇಲ್ಲಿ. 2022ರ ನಿಯಮದಲ್ಲಿ ಸಹ ಪ್ರಾಧ್ಯಾಪಕರಾಗಲು 2 ಪ್ರಕಟಣೆ ಬೇಕಿತ್ತು, ಲೇಖಕರ ಪಟ್ಟಿಯಲ್ಲಿ ಮೊದಲ ಮೂವರೊಳಗೆ ಅಥವಾ ಸಂಪರ್ಕ ಲೇಖಕರಾಗಿ (ಪತ್ರಿಕೆಯೊಡನೆ ವ್ಯವಹರಿಸುವವರಾಗಿ) ಹೆಸರಿರಬೇಕಿತ್ತು. ಜೊತೆಗೆ ವೈದ್ಯಕೀಯ ಶಿಕ್ಷಣ ಮತ್ತು ಜೈವವೈದ್ಯಕೀಯ ಸಂಶೋಧನೆಯ ಮೂಲ ಕೋರ್ಸುಗಳು. ಮಾಹಿತಿ ಸಂಗ್ರಹಿಸಿದವರು ನಾಲ್ಕನೆಯವರಾಗಿ, ವಿಭಾಗ ಮುಖ್ಯಸ್ಥರು ಮೊದಲನೆಯವರಾಗಿ ಕೂತರೆ ಆ ಲೇಖನ ಕಿರಿಯರ ಕಡತದಲ್ಲಿ ಸೊನ್ನೆ. ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ (ನೈತಿಕತಾ) ಸಮಿತಿಗೆ ಅರ್ಜಿ ಹಾಕುವಾಗಲೇ ಲೇಖಕರ ಕ್ರಮ ಬರೆದ ಒಂದು ಪುಟಕ್ಕೆ ಎಲ್ಲರ ಸಹಿ ಇರಲಿ. ಮೂಲ ಕೋರ್ಸಿನ ಸೀಟು ಹಂಚುವಾಗ, ಯಾರ ಬಡ್ತಿ ಆ ಪ್ರಮಾಣಪತ್ರಕ್ಕಾಗಿಯೇ ಕಾದಿದೆಯೋ ಅವರಿಗೆ ಮೊದಲು.

2025ರ ನಿಯಮ ಇನ್ನೊಂದು ದಾರಿ ತೆರೆದಿದೆ: ಕನಿಷ್ಠ 220 ಹಾಸಿಗೆಯ ಸರ್ಕಾರಿ ಆಸ್ಪತ್ರೆಯಲ್ಲಿ 10 ವರ್ಷ ದುಡಿದ ತಜ್ಞರು ನೇರ ಸಹ ಪ್ರಾಧ್ಯಾಪಕರಾಗಬಹುದು, 2 ವರ್ಷ ದುಡಿದವರು ಸೀನಿಯರ್ ರೆಸಿಡೆನ್ಸಿ ಇಲ್ಲದೆ ಸಹಾಯಕ ಪ್ರಾಧ್ಯಾಪಕರಾಗಬಹುದು. ನೂರು ಹಾಸಿಗೆಯ ತಾಲ್ಲೂಕು ಆಸ್ಪತ್ರೆಯ ತಜ್ಞರಿಗೆ ಇದು ಸಿಗದು, ಆಸೆ ಹುಟ್ಟಿಸಬೇಡಿ.

ಇವತ್ತೇ ಕೊಡಬಹುದಾದ ಒಂದು ಕುರ್ಚಿ

ಎರವರೋ ಜೇನು ಕುರುಬರೋ ಆದ ಪ್ರಾಧ್ಯಾಪಕರಿಗಾಗಿ 2040ರವರೆಗೆ ಕಾಯಬೇಕಾಗಬಹುದು. ಆದರೆ 2019ರ ಔಷಧ ಪ್ರಯೋಗ ನಿಯಮಗಳ ಪ್ರಕಾರ ಎಥಿಕ್ಸ್ ಸಮಿತಿಯಲ್ಲಿ ಕನಿಷ್ಠ 7 ಸದಸ್ಯರು, ಅದರಲ್ಲಿ ಕನಿಷ್ಠ ಅರ್ಧದಷ್ಟು ಹೊರಗಿನವರು, ಅವರಲ್ಲಿ ಒಬ್ಬರು ಸಾಮಾನ್ಯ ನಾಗರಿಕರು ಇರಲೇಬೇಕು. ಆ ಜಾಗಕ್ಕೆ ರೂಢಿಯಂತೆ ನಿವೃತ್ತ ಹೆಡ್‌ಮಾಸ್ಟರೋ ತೋಟದ ಮಾಲೀಕರೋ ಬರುತ್ತಾರೆ. ಹಾಡಿಯಿಂದ (ಬುಡಕಟ್ಟು ಜನರ ವಸತಿಯಿಂದ) ಒಬ್ಬರು, ಆಶಾ ಕಾರ್ಯಕರ್ತೆಯಂಥವರು, ಬರಲಿ. ದಾಖಲೆಗಳ ಸಾರಾಂಶ ಕನ್ನಡದಲ್ಲಿ ಎರಡು ಪುಟ, ಸಭೆಗೆ ಏಳು ದಿನ ಮೊದಲು ಅವರ ಕೈ ಸೇರಲಿ. ಬಸ್ ಚಾರ್ಜು, ಆ ದಿನದ ಕೂಲಿಗೆ ಸಮನಾದ ಗೌರವಧನ ಅದೇ ದಿನ ಕೊಡಿ, ಚೆಕ್ಕಿಗೆ ಅಲೆಸಬೇಡಿ. ಒಪ್ಪಿಗೆ ಪತ್ರ ನಿಜವಾಗಿ ಅರ್ಥವಾಗುತ್ತದೆಯೇ ಎಂದು ಹೇಳಬಲ್ಲವರು ಆ ಮೇಜಿನಲ್ಲಿ ಅವರೊಬ್ಬರೇ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕಾಫಿ ಕೊಯ್ಲಿನ ದಿನಗಳು; ಸಭೆಯ ದಿನಾಂಕವನ್ನು ಅವರನ್ನು ಕೇಳಿಯೇ ಇಡಿ.

ಡೀನ್ ವರ್ಗವಾದಾಗ

ಇಷ್ಟೆಲ್ಲ ಮಾಡಿದ ಮೇಲೂ ಕೆಡುವುದು ಇಲ್ಲಿಯೇ. ಆಸಕ್ತಿಯಿದ್ದ ಡೀನ್ ಹೋದರು, ಹೊಸಬರು ಬಂದರು, ಸುತ್ತೋಲೆ ನಿಂತಿತು. ಆದ್ದರಿಂದ ಎರಡು ವರ್ಷದ ಅವಧಿ, ಪ್ರಭಾರದ ಸರದಿ, ಅಂಕಪಟ್ಟಿ, ಈ ಮೂರನ್ನೂ ಆಡಳಿತ ಮಂಡಳಿಯ ನಿರ್ಣಯವಾಗಿ ಮಾಡಿಸಿ, ಕಚೇರಿ ಆದೇಶವಾಗಿ ಅಲ್ಲ. ಆದೇಶವನ್ನು ಇನ್ನೊಂದು ಆದೇಶ ಅಳಿಸುತ್ತದೆ. ನಿರ್ಣಯ ಅಳಿಸಲು ಸಭೆ ಕರೆದು ಕಾರಣ ಬರೆಯಬೇಕಾಗುತ್ತದೆ. ಆರು ಅಂಕಣದ ಆ ಹಾಳೆಯನ್ನು ಪ್ರತಿ ಏಪ್ರಿಲ್‌ನಲ್ಲಿ ಹೊಸದಾಗಿ ತುಂಬಿ. ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಬೀರುವಿನ ಕೀಲಿಕೈ, ಚೆಕ್ ಪುಸ್ತಕ, ಡಿಜಿಟಲ್ ಸಹಿಯ ಡಾಂಗಲ್ ಇವುಗಳ ಕೆಳಗೆ ಅದಕ್ಕೂ ಒಂದು ಕ್ರಮಸಂಖ್ಯೆ ಇರಲಿ, ಕೊಟ್ಟವರ ಸಹಿಯೂ ತೆಗೆದುಕೊಂಡವರ ಸಹಿಯೂ ಬೀಳಲಿ.